ಪಾಯಿಂಟ್ ಟೂಟೂ ರೈಫಲ್ಲು: ತಿಕ್ಕೋದು ಬೇರೆ, ಎಣ್ಣೆ ಸವರೋದು ಬೇರೆ

ಬಂದೂಕಿನ ಬಗ್ಗೆ ಬರೀತಿದಾನಲ್ಲ ಅಂತ ಹುಬ್ಬೇರಿಸಬೇಡಿ. 2024ರ ಆಗಸ್ಟ್ 1ರಂದು ಪ್ಯಾರಿಸ್ ಒಲಿಂಪಿಕ್ಸಿನಲ್ಲಿ ಸ್ವಪ್ನಿಲ್ ಕುಸಾಳೆ 50 ಮೀಟರ್ ಮೂರು ಭಂಗಿಗಳ ಸ್ಪರ್ಧೆಯಲ್ಲಿ ಕಂಚು ಗೆದ್ದರಲ್ಲ, ಅವರ ಕೈಯಲ್ಲಿದ್ದದ್ದು .22 ರಿಮ್‌ಫೈರ್ ರೈಫಲ್ಲು. ಎನ್‌ಸಿಸಿಯಲ್ಲಿದ್ದವರು ನೆಲದ ಮೇಲೆ ಬೋರಲು ಮಲಗಿ ಗುಂಡು ಹೊಡೆದದ್ದೂ ಸಾಮಾನ್ಯವಾಗಿ ಇದೇ ಜಾತಿಯದರಲ್ಲಿ. (ಅಭಿನವ್ ಬಿಂದ್ರಾ 2008ರಲ್ಲಿ ಚಿನ್ನ ಗೆದ್ದದ್ದು ಏರ್ ರೈಫಲ್ಲಿನಲ್ಲಿ. ಅದರಲ್ಲಿ ಮದ್ದು ಉರಿಯೋದೇ ಇಲ್ಲ, ಅದರ ಕಥೆಯೇ ಬೇರೆ.)

ನನ್ನ ತಕರಾರು ಇಷ್ಟೇ. ನಮ್ಮ ಕಡೆ ಈ ರೈಫಲ್ಲಿನ ನಳಿಗೆಯನ್ನು ಬೇಡದಾಗ ತಿಕ್ಕಿ ತಿಕ್ಕಿ ಸವೆಸ್ತಾರೆ, ನಿಜವಾಗಿ ಕಾಪಾಡಬೇಕಾದಾಗ ಒಣಗಿಸಿ ಬಿಟ್ಟುಬಿಡ್ತಾರೆ.

ಎನ್‌ಸಿಸಿಯಲ್ಲಿ ನಮಗೆ ಕಲಿಸಿದ್ದು ಏನು? ಫೈರಿಂಗ್ ಮುಗಿದ ತಕ್ಷಣ ಪುಲ್‌ಥ್ರೂ ತಗೋ, ಚಿಂದಿ ಸಿಕ್ಕಿಸು, ಎಳಿ. ಚಿಂದಿ ಬೆಳ್ಳಗೆ ಬರೋ ತನಕ ಎಳೀತಾ ಇರು. ನಳಿಗೆಯೊಳಗೆ ಕಣ್ಣಿಟ್ಟು ನೋಡಿದರೆ ಕನ್ನಡಿ ಥರ ಹೊಳೀಬೇಕು, ಇಲ್ಲಾಂದ್ರೆ ಉಸ್ತಾದರ ಬೈಗುಳ. ನೂರು ಹುಡುಗರು ಒಂದೇ ರೈಫಲ್ ಮುಟ್ಟುವ ಕಡೆ ಆ ಶಿಸ್ತು ಬೇಕು ನಿಜ. ಆದರೆ ಆ ನಿಯಮ ಹುಟ್ಟಿದ ಕಾರಣ ಬೇರೆ. ಹಳೇ ಕಾಲದ ಕಾಡತೂಸುಗಳ ಪ್ರೈಮರಿನಲ್ಲಿ ಪೊಟ್ಯಾಸಿಯಂ ಕ್ಲೋರೇಟ್ ಇರ್ತಿತ್ತು. ಅದು ಉರಿದ ಮೇಲೆ ನಳಿಗೆಯಲ್ಲಿ ಉಳಿಯೋದು ಪೊಟ್ಯಾಸಿಯಂ ಕ್ಲೋರೈಡ್, ಅಂದರೆ ಅಡುಗೆ ಉಪ್ಪಿನ ದಾಯಾದಿ. ಉಪ್ಪು ಗಾಳಿಯ ತೇವ ಹೀರುತ್ತೆ, ಉಕ್ಕು ರಾತ್ರಿ ಬೆಳಗಾಗೋದರಲ್ಲಿ ಕೆಂಪಾಗುತ್ತೆ. ಅದಕ್ಕೇ ಹಿಂದೆ ಸಿಪಾಯಿಗಳು ನಳಿಗೆಗೆ ಬಿಸಿನೀರು ಸುರಿದು ತೊಳೀತಿದ್ದರು; ಉಪ್ಪು ಕರಗೋದು ನೀರಿನಲ್ಲಿ, ಎಣ್ಣೆಯಲ್ಲಲ್ಲ. 1920ರ ದಶಕದಲ್ಲಿ ತುಕ್ಕು ಹಿಡಿಸದ ಪ್ರೈಮರುಗಳು ಬಂದವು. ರೆಮಿಂಗ್ಟನ್ ಕಂಪನಿ ತನ್ನದಕ್ಕೆ 'ಕ್ಲೀನ್‌ಬೋರ್' ಅಂತಲೇ ಹೆಸರಿಟ್ಟಿತು. ಈಗ ಅಂಗಡಿಯಲ್ಲಿ ಸಿಗುವ .22 ಕಾಡತೂಸಿನಲ್ಲಿ ಆ ಉಪ್ಪಿಲ್ಲ. ಉಪ್ಪು ಹೋಗಿ ನೂರು ವರ್ಷವಾಗ್ತಾ ಬಂತು, ಉಪ್ಪಿನ ಭಯ ಮಾತ್ರ ಉಳಿದುಕೊಂಡಿದೆ. ನಮ್ಮ ಆಫೀಸಿನ ಹಳೇ ಕೋಡಿನಲ್ಲೂ ಇಂಥ ಸಾಲುಗಳಿರ್ತವೆ. ಯಾಕೆ ಬರೆದರು ಅಂತ ಯಾರಿಗೂ ಗೊತ್ತಿಲ್ಲ, ತೆಗೆಯೋಕೆ ಧೈರ್ಯವೂ ಇಲ್ಲ :)

ಇನ್ನು .22 ಗುಂಡಿನ ಸ್ವಭಾವ ನೋಡಿ. ಸಾಮಾನ್ಯವಾಗಿ 40 ಗ್ರೇನ್, ಅಂದರೆ ಎರಡೂವರೆ ಗ್ರಾಂ ಚಿಲ್ಲರೆ ತೂಕದ ಸೀಸ. ಅದರ ಮೇಲೆ ಮೇಣದಂಥದ್ದೋ ಜಿಡ್ಡಿನಂಥದ್ದೋ ಒಂದು ಲೇಪ. ದೊಡ್ಡ ರೈಫಲ್ಲಿನ ಗುಂಡಿಗಿರುವ ತಾಮ್ರದ ಅಂಗಿ ಇದಕ್ಕಿಲ್ಲ (ಕೆಲವಕ್ಕೆ ತೆಳ್ಳಗೆ ತಾಮ್ರದ ಲೇಪ ಇರುತ್ತೆ, ಅಷ್ಟೆ). ಹೊಡೀತಾ ಹೊಡೀತಾ ಆ ಮೇಣ ನಳಿಗೆಯ ಒಳಗೆ ತೆಳ್ಳಗೆ ಹರಡಿಕೊಳ್ಳುತ್ತೆ. ಹೊಸ ಕಾವಲಿಯಲ್ಲಿ ಮೊದಲ ದೋಸೆ ಕಿತ್ತು ಬರುತ್ತಲ್ಲ, ಪಳಗಿದ ಮೇಲೆ ತಾನಾಗೇ ಏಳುತ್ತಲ್ಲ, ಹಾಗೆ. ಪಳಗಿದ ಕಾವಲಿಯನ್ನು ಸಬೀನಾ ಹಾಕಿ ಉಜ್ಜಿದರೆ ಮನೆಯಲ್ಲಿ ಅಮ್ಮ ಸುಮ್ಮನಿರ್ತಾರಾ? ನಳಿಗೆಯನ್ನು ಕನ್ನಡಿ ಮಾಡಿದವನಿಗೂ ಮುಂದಿನ ಸಲ ಅದೇ ಶಿಕ್ಷೆ. ಮೊದಲ ಹತ್ತಿಪ್ಪತ್ತು ಗುಂಡು ಎಲ್ಲೆಲ್ಲೋ ಹೋಗಿ ಬೀಳ್ತವೆ, ಆಮೇಲೆ ಒಂದು ಕಡೆ ಸೇರ್ತವೆ. 50 ಮೀಟರ್ ಗುರಿಹಲಗೆಯಲ್ಲಿ ಹತ್ತು ಅಂಕದ ವೃತ್ತದ ಅಗಲ 10.4 ಮಿಲಿಮೀಟರ್, ನಮ್ಮ ಒಂದು ಶರ್ಟಿನ ಗುಂಡಿಯಷ್ಟು. ಅಲ್ಲಿ ಇದೇನು ಸಣ್ಣ ವ್ಯತ್ಯಾಸವಲ್ಲ.

ಹಾಗಂತ ಎಂದೂ ಮುಟ್ಟಲೇಬಾರದು ಅಂತಲ್ಲ. ಕಾಡತೂಸು ಕೂರುವ ಗೂಡಿನ ಮುಂದೆಯೇ, ನಳಿಗೆಯ ಗೆರೆಗಳು ಶುರುವಾಗುವ ಕಡೆ, ಮಸಿ ಗಟ್ಟಿಯಾಗಿ ಉಂಗುರದ ಹಾಗೆ ಕೂರುತ್ತೆ. ಅದು ಬೆಳೆದರೆ ಕಾಡತೂಸು ಸರಾಗವಾಗಿ ಒಳಗೆ ಹೋಗಲ್ಲ, ಗುರಿಯೂ ಕೆಡುತ್ತೆ. ಖಾಲಿ ಕೋಶವನ್ನು ಎಳೆಯುವ ಕೊಕ್ಕೆಯ ಹತ್ತಿರ ಕಸ ಸೇರಿದರೆ ಕೋಶ ಒಳಗೇ ಕಚ್ಚಿಕೊಳ್ಳುತ್ತೆ. ನಮ್ಮ ಜನ ನಳಿಗೆ ತಿಕ್ಕುವ ಉತ್ಸಾಹದಲ್ಲಿ ಈ ಎರಡು ಜಾಗ ನೋಡೋದೇ ಇಲ್ಲ. ಇವನ್ನು ಮಾತ್ರ ಪ್ರತಿ ಸಲ ಒಂದು ಹಳೇ ಟೂತ್‌ಬ್ರಷ್, ಒಂದು ಚಿಂದಿ ಹಿಡಿದು ಒರೆಸಿ. ಪೂರ್ತಿ ನಳಿಗೆಗೆ ಕೈ ಹಾಕೋದು ಯಾವಾಗ ಅಂದರೆ ಗುರಿ ಹದಗೆಟ್ಟಾಗ, ನೀರು ಬಿದ್ದಾಗ, ಇಲ್ಲವೇ ತುಂಬಾ ದಿನ ಎತ್ತಿಡುವಾಗ. ಸ್ಪರ್ಧೆಗೆ ಹೋಗುವವರಲ್ಲೇ ಈ ಬಗ್ಗೆ ಜಗಳ ಇದೆ. ದಿನಾ ಒಂದು ಚಿಂದಿ ಎಳೆಯುವವರೂ ಇದ್ದಾರೆ, ಸಾವಿರ ಗುಂಡಿನ ತನಕ ಮುಟ್ಟದವರೂ ಇದ್ದಾರೆ. ನಿಮ್ಮ ರೈಫಲ್ ಯಾವಾಗ ಚದುರಿಸೋಕೆ ಶುರು ಮಾಡುತ್ತೆ ಅಂತ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟುಕೊಳ್ಳಿ, ಜಗಳ ಮುಗೀತು.

ಈಗ ಎಣ್ಣೆಯ ವಿಷಯ. ನನಗೆ ಸಿಟ್ಟು ಬಂದಿರೋದೇ ಇಲ್ಲಿ.

ದೊಡ್ಡಬಳ್ಳಾಪುರದ ಆಚೆ ಹಳ್ಳಿಯಲ್ಲಿ ನಮ್ಮ ದೊಡ್ಡಪ್ಪನ ಹತ್ತಿರ ಒಂದು ಹಳೇ .22 ಇದೆ. ತಾತನ ಕಾಲದ್ದು, ಲೈಸೆನ್ಸು ದೊಡ್ಡಪ್ಪನ ಹೆಸರಿಗೆ ಆಗಿದೆ. ಚುನಾವಣೆ ಬಂತು ಅಂದರೆ ಲೈಸೆನ್ಸುದಾರರು ಆಯುಧ ಠೇವಣಿ ಇಡಬೇಕು ಅಂತ ಆದೇಶ ಬರೋದು ನಿಮಗೆ ಗೊತ್ತಿರುತ್ತೆ. 2024ರ ಲೋಕಸಭಾ ಚುನಾವಣೆಗೆ ಮಾರ್ಚ್ 16ಕ್ಕೆ ನೀತಿಸಂಹಿತೆ ಬಂತು, ಜೂನ್ 6ಕ್ಕೆ ಹೋಯಿತು. ಹತ್ತಿರ ಹತ್ತಿರ ಹನ್ನೆರಡು ವಾರ. ನಡುವೆ ಮೇ ತಿಂಗಳ ಮಳೆ. ವಾಪಸ್ ಬಂದ ರೈಫಲ್ಲಿನ ನಳಿಗೆಯೊಳಗೆ ಟಾರ್ಚ್ ಬಿಟ್ಟು ನೋಡಿದರೆ ಉದ್ದಕ್ಕೂ ಕೆಂಪು ಚುಕ್ಕೆ.

"ನೋಡೋ ಮಗ, ಹೆಂಗ್ ಮಡಗವ್ರೆ ಅಂತ" ಅಂದರು ದೊಡ್ಡಪ್ಪ.

"ಕೊಡೋಕ್ ಮುಂಚೆ ಎಣ್ಣೆ ಹಾಕಿದ್ರಾ ದೊಡ್ಡಪ್ಪ?"

"ಎಣ್ಣೆ ಯಾಕ್ಲಾ? ಸೀಮೆಎಣ್ಣೆ ಹಾಕಿ ತಿಕ್ಕಿ, ಒರೆಸಿ, ಫಳಫಳ ಅನ್ನಂಗ್ ಮಾಡಿ ಕೊಟ್ಟಿದ್ದೆ!"

ಸಮಸ್ಯೆ ಇರೋದು ಅಲ್ಲೇ. ಸೀಮೆಎಣ್ಣೆ ಜಿಡ್ಡನ್ನೆಲ್ಲ ಕರಗಿಸಿ ತಾನೂ ಆರಿಹೋಗುತ್ತೆ. ಮೇಣದ ಪದರವೂ ಹೋಯಿತು, ಎಣ್ಣೆಯೂ ಇಲ್ಲ, ಬೆತ್ತಲೆ ಉಕ್ಕು ಮೂರು ತಿಂಗಳು ಗಾಳಿಯಲ್ಲಿ ನಿಂತಿತು. ಏನೂ ಮಾಡದೆ ಹಾಗೇ ಕೊಟ್ಟಿದ್ದರೂ ಇದಕ್ಕಿಂತ ಚೆನ್ನಾಗಿರ್ತಿತ್ತೋ ಏನೋ. ಇಟ್ಟುಕೊಂಡವರನ್ನು ಬೈಯೋದು ಸುಲಭ. ಆದರೆ ಸಾಲಾಗಿ ನಿಲ್ಲಿಸಿದ ಇಷ್ಟೊಂದು ಬಂದೂಕುಗಳಿಗೆ ಯಾರು ಬಂದು ಎಣ್ಣೆ ಹಾಕ್ತಾರೆ ಹೇಳಿ? ಇನ್ನು ಮುಂದೆಯೂ ಚುನಾವಣೆಗಳು ಬರ್ತಾನೇ ಇರ್ತವೆ, ಕೊಡುವವರೇ ನೋಡಿಕೊಳ್ಳಬೇಕು. ಠೇವಣಿ ಇಡುವ ಹಿಂದಿನ ದಿನ ನಳಿಗೆಗೆ ಎಣ್ಣೆ ಹಚ್ಚಿದ ಚಿಂದಿ ಒಂದು ಸಲ ಎಳೆಯಿರಿ, ಹೊರಗೆಲ್ಲ ಸವರಿ. ರೆಕ್ಸಿನ್ ಚೀಲದಲ್ಲಿ ಹಾಕಿ ಕೊಡಬೇಡಿ. ಚೀಲ ನೋಡೋಕೆ ಚೆಂದ, ಒಳಗೆ ಬೆವರುತ್ತೆ. ವಾಪಸ್ ಬಂದ ದಿನವೇ ಟಾರ್ಚ್ ಹಾಕಿ ನೋಡಿ.

ಯಾವ ಎಣ್ಣೆ? ಬಂದೂಕಿನ ಎಣ್ಣೆ ಸಿಕ್ಕರೆ ಸರಿ, ಇಲ್ಲದಿದ್ದರೆ ಹೊಲಿಗೆ ಮಿಷನ್ ಎಣ್ಣೆ ನಡೆಯುತ್ತೆ. ಕೊಬ್ಬರಿ ಎಣ್ಣೆ ದಯವಿಟ್ಟು ಬೇಡ. ಚಳಿಗಾಲದಲ್ಲಿ ಗಟ್ಟಿಯಾಗುತ್ತೆ, ದಿನ ಕಳೆದಂತೆ ಅಂಟಾಗುತ್ತೆ. ಮಗ್ಗಗಳ ಊರಿನಲ್ಲಿ ಇದನ್ನು ಹೇಳಿಕೊಡಬೇಕಾ? ದೊಡ್ಡಬಳ್ಳಾಪುರದಲ್ಲಿ ಯಾವ ನೇಕಾರರೂ ಮಗ್ಗಕ್ಕೆ ಕೊಬ್ಬರಿ ಎಣ್ಣೆ ಬಿಟ್ಟದ್ದು ನಾನು ಕಂಡಿಲ್ಲ.

ಹೇಗೆ ಮಾಡೋದು ಅನ್ನೋದನ್ನೂ ಹೇಳಿಬಿಡ್ತೀನಿ. ಮೊದಲು ಮ್ಯಾಗಜೀನ್ ತೆಗೆದು, ಬೋಲ್ಟ್ ಎಳೆದು, ಗೂಡು ಖಾಲಿ ಇದೆಯಾ ಅಂತ ಕಣ್ಣಿಂದಲೂ ಬೆರಳಿಂದಲೂ ನೋಡಿ. ಬೋಲ್ಟನ್ನು ಪೂರ್ತಿ ಹೊರಗೆ ತೆಗೆದರೆ ಇನ್ನೂ ಒಳ್ಳೆಯದು. ರಾಡನ್ನು ಯಾವಾಗಲೂ ಹಿಂದಿನಿಂದ ತೂರಿಸಿ. ಬಾಯಿಯ ಕಡೆಯಿಂದ ತೂರಿಸಿದರೆ ಗುಂಡು ಕಟ್ಟಕಡೆಗೆ ಮುಟ್ಟಿ ಹೋಗುವ ಅಂಚನ್ನೇ ರಾಡು ಉಜ್ಜುತ್ತೆ, ಆ ಅಂಚು ಒಂದು ಕಡೆ ಸವೆದರೆ ಗುಂಡು ದಾರಿ ತಪ್ಪುತ್ತೆ. ಸೀಸದ ಮೆದು ಗುಂಡು, ಕಡಿಮೆ ಒತ್ತಡ, ಹಾಗಾಗಿ ಈ ನಳಿಗೆಗಳು ಹತ್ತಾರು ಸಾವಿರ ಗುಂಡು ತಾಳ್ತವೆ. ಹಾಳಾಗೋದು ಬಹುಪಾಲು ಒರಟು ರಾಡಿನಿಂದ, ಇಲ್ಲವೇ ತುಕ್ಕಿನಿಂದ. ಸಾಲ್ವೆಂಟ್ ಹಚ್ಚಿದ ಚಿಂದಿ ಒಂದು, ಐದು ನಿಮಿಷ ಬಿಟ್ಟು ಒಣ ಚಿಂದಿ ಮೂರೋ ನಾಲ್ಕೋ, ಕೊನೆಗೆ ಎಣ್ಣೆ ತೋರಿಸಿದ ಚಿಂದಿ ಒಂದು. ತಾಮ್ರ ತೆಗೆಯುವ ಅಮೋನಿಯಾ ದ್ರಾವಣಕ್ಕೆ ಇಲ್ಲಿ ಕೆಲಸವಿಲ್ಲ. ಹಿತ್ತಾಳೆ ಬ್ರಷ್ಷು ಮಸಿಯ ಉಂಗುರಕ್ಕೆ ಮಾತ್ರ, ಅದೂ ಅಪರೂಪಕ್ಕೆ. ಮತ್ತೆ ಹೊಡೆಯುವ ಮುಂಚೆ ಒಂದು ಒಣ ಚಿಂದಿ ಎಳೆದು ಎಣ್ಣೆ ತೆಗೀರಿ.

ಆಯುಧಪೂಜೆ ದಿನ ಹಚ್ಚಿದ ಅರಿಶಿನ ಕುಂಕುಮವನ್ನು ಮಾರನೇ ದಿನವೇ ಒರೆಸಿ ಎಣ್ಣೆ ಸವರಿ. ದೇವರು ಬೇಜಾರು ಮಾಡಿಕೊಳ್ಳಲ್ಲ. ಕ್ಲೀನ್ ಮಾಡೋದು ಅಡುಗೆಮನೆಯಲ್ಲಿ ಬೇಡ, ಮಕ್ಕಳ ಹತ್ತಿರವೂ ಬೇಡ. ಆ ಕಪ್ಪು ಮಸಿಯಲ್ಲಿ ಸೀಸ ಇರುತ್ತೆ. ಚಿಂದಿಯನ್ನು ಒಲೆಗೆ ಹಾಕಬೇಡಿ, ಸೋಪು ಹಾಕಿ ಕೈ ತೊಳೆದೇ ಊಟಕ್ಕೆ ಕೂರಿ.

ನಮ್ಮ ಬಯಲುಸೀಮೆಯ ಒಣ ಹವೆಯಲ್ಲೇ ಹೀಗಾದರೆ ಕೊಡಗಿನ ಮಳೆಯಲ್ಲಿ ಏನು ಮಾಡ್ತಾರೋ ಅಂತ ನನಗೆ ಕುತೂಹಲ. ಅಲ್ಲಿನ ಕೊಡವರಿಗೆ, ಜಮ್ಮಾ ಹಿಡುವಳಿದಾರರಿಗೆ ಲೈಸೆನ್ಸಿನಿಂದ ವಿನಾಯಿತಿ ಇದೆ. ಕೇಂದ್ರ ಸರ್ಕಾರ 2019ರಲ್ಲಿ ಅದನ್ನು 2029ರ ತನಕ ಮುಂದುವರಿಸಿತು, 2021ರಲ್ಲಿ ನಮ್ಮ ಹೈಕೋರ್ಟ್ ಕೂಡ ಎತ್ತಿಹಿಡಿಯಿತು. ಮಳೆಗಾಲ ಮುಗಿಯುವ ಹೊತ್ತಿಗೆ ಸೆಪ್ಟೆಂಬರಿನಲ್ಲಿ ಕೈಲ್ ಮುಹೂರ್ತ, ಕೋವಿಗೆ ಹೂವಿಟ್ಟು ಪೂಜೆ, ಆಮೇಲೆ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆ. ಅದರಲ್ಲಿ .22 ಕೂಡ ಇರುತ್ತೆ. ಅಂಥ ಮಳೆ ಕಳೆದು ಬಂದ ನಳಿಗೆಯಲ್ಲಿ ಕಾಯಿ ಒಡೀತಾರೆ ಅಂದರೆ ಏನೋ ಸರಿಯಾಗೇ ಮಾಡ್ತಿರಬೇಕು. ಕೊಡಗಿನವರು ಯಾರಾದರೂ ಓದ್ತಿದ್ದರೆ, ಜೂನ್‌ನಿಂದ ಆಗಸ್ಟ್ ತನಕ ನಿಮ್ಮ ಮನೆಯಲ್ಲಿ ನಳಿಗೆಗೆ ಏನು ಹಚ್ಚಿಡ್ತೀರಿ ಅಂತ ತಿಳಿಸಿ. ದೊಡ್ಡಪ್ಪನಿಗೆ ಹೇಳಬೇಕು.