ಆಕಾಶದ ಕಣ್ಣು, ಹೊಲದ ಹೊಗೆ



ಅಕ್ಟೋಬರ್-ನವೆಂಬರ್ ತಿಂಗಳು ಬಂತೆಂದರೆ ಪತ್ರಿಕೆಗಳಲ್ಲಿ ಒಂದು ಉಪಗ್ರಹ ಚಿತ್ರ ತಪ್ಪದೆ ಅಚ್ಚಾಗುತ್ತದೆ. ಪಂಜಾಬ್, ಹರಿಯಾಣಗಳ ಮೇಲೆ ದಡಾರ ಎದ್ದಂತೆ ಕೆಂಪು ಚುಕ್ಕೆಗಳು. ದೆಹಲಿಯತ್ತ ಹರಿಯುವ ಬೂದುಬಣ್ಣದ ಹೊಗೆ. ಬೆಳಗಿನ ಕಾಫಿ ಮುಗಿಯುವುದರೊಳಗೆ ನಾವು ತೀರ್ಪು ಕೊಟ್ಟುಬಿಡುತ್ತೇವೆ: "ಈ ರೈತರಿಗೆ ಬುದ್ಧಿಯಿಲ್ಲ." ಈ ತೀರ್ಪು ಅವಸರದ್ದು, ಅನ್ಯಾಯದ್ದು ಎಂಬುದೇ ನನ್ನ ವಾದ.

ಉಪಗ್ರಹವನ್ನು ಹಳಿಯುವುದು ನನ್ನ ಉದ್ದೇಶವಲ್ಲ. 2011ರ ಸುವೋಮಿ ಎನ್‌ಪಿಪಿ, 2017ರ ನೋವಾ-20 ಮೊದಲಾದವು ಸುಮಾರು 800 ಕಿಲೋಮೀಟರ್ ಎತ್ತರದಿಂದ ಹೊಲದ ಬೆಂಕಿಯ ಶಾಖವನ್ನು ಗುರುತಿಸುತ್ತವೆ; ಬೆಳಕನ್ನು ಚದುರಿಸುವ ಕಣಗಳಿಂದ ಹೊಗೆಯ ದಟ್ಟಣೆಯನ್ನು ಅಳೆಯುತ್ತವೆ. ವಿಜ್ಞಾನವೂ ದೇವರ ವರವೇ. ಆದರೆ ಉಪಗ್ರಹವು ಸಾಕ್ಷಿ ಮಾತ್ರ, ನ್ಯಾಯಾಧೀಶನಲ್ಲ.

ಆ ಸಾಕ್ಷಿಗೂ ಮಿತಿಯಿದೆ. ಈ ಉಪಗ್ರಹಗಳು ಹಾದುಹೋಗುವುದು ಮಧ್ಯಾಹ್ನ ಮತ್ತು ನಡುರಾತ್ರಿ ಸುಮಾರು ಒಂದೂವರೆಗೆ. ಸಂಜೆ ಹಚ್ಚಿ ಆರಿದ ಬೆಂಕಿ ಅವುಗಳ ಕಣ್ಣಿಗೆ ಬೀಳದು. ಮೋಡವೂ ದಟ್ಟ ಹೊಗೆಯೂ ಬೆಂಕಿಯನ್ನು ಮರೆಮಾಡುತ್ತವೆ. ಹತ್ತು ನಿಮಿಷಕ್ಕೊಮ್ಮೆ ಚಿತ್ರ ತೆಗೆಯುವ ಕೊರಿಯಾದ ಉಪಗ್ರಹದ ನೆರವಿನಿಂದ ನಾಸಾದ ವಿಜ್ಞಾನಿ ಹಿರೇನ್ ಜೇತ್ವಾ 2024ರಲ್ಲಿ ಇದನ್ನೇ ಎತ್ತಿ ತೋರಿಸಿದರು: ಅನೇಕ ಹೊಲಗಳು ಉಪಗ್ರಹ ಹಾದುಹೋದ ಮೇಲೆ ಉರಿಯುತ್ತಿದ್ದವು. ಹೀಗಿರುವಾಗ ಚುಕ್ಕೆಗಳು ಕಡಿಮೆಯಾದವೆಂದು ಬೀಗುವುದು ಆತ್ಮವಂಚನೆ. ದಂಡನೆಯ ಭಯವು ಬೆಂಕಿಯನ್ನು ಆರಿಸಲಿಲ್ಲ. ಅದರ ಹೊತ್ತನ್ನು ಬದಲಿಸಿತು.

ರೈತನೇಕೆ ಸುಡುತ್ತಾನೆ? ಹಸಿರು ಕ್ರಾಂತಿಯ ಹೆಸರಿನಲ್ಲಿ ದೇಶವೇ ಅವನಿಂದ ಭತ್ತ ಬೆಳೆಸಿತು. ಅಂತರ್ಜಲ ಕುಸಿದಾಗ ಪಂಜಾಬ್ ಸರ್ಕಾರ 2009ರ ಕಾಯಿದೆಯಿಂದ ನಾಟಿಯನ್ನು ಜೂನ್ ತಿಂಗಳಿಗೆ ಮುಂದೂಡಿತು. ಕೊಯ್ಲೂ ತಡವಾಯಿತು, ಗೋಧಿ ಬಿತ್ತನೆಗೆ ಉಳಿದದ್ದು ಎರಡು-ಮೂರು ವಾರ. ಕೊಯ್ಲು ಯಂತ್ರ ಬಿಟ್ಟುಹೋದ ಕೂಳೆಯನ್ನು ತೆಗೆಯಲು ಹಣವಿಲ್ಲ, ಬೆಂಕಿಕಡ್ಡಿ ಅಗ್ಗ. ಆ ಹೊಗೆಯನ್ನು ಮೊದಲು ಕುಡಿಯುವುದು ಅವನ ಮಕ್ಕಳೇ. ಅವನಿಗೆ 2024ರ ನವೆಂಬರಿನಲ್ಲಿ ದಂಡವನ್ನು ಇಮ್ಮಡಿಗೊಳಿಸಿ 30,000 ರೂಪಾಯಿಯವರೆಗೆ ಏರಿಸಲಾಯಿತು. ಅವನ ಅಕ್ಕಿ ಕೇಂದ್ರದ ದಾಸ್ತಾನು ಸೇರಿ ದೇಶದ ಪಡಿತರ ಅಂಗಡಿಗಳನ್ನು ತುಂಬುತ್ತದೆ. ಉಂಡ ನಮಗೆ ಯಾವ ದಂಡ?

ಆದಿಕಾಂಡದ ಹಾಗರಳನ್ನು ನೆನೆಯಿರಿ. ಮರಳುಗಾಡಿಗೆ ಓಡಿಹೋದ ಆ ದಾಸಿ, ತನ್ನನ್ನು ಕಾಣುವ ದೇವರೆಂದು ಸರ್ವೇಶ್ವರನನ್ನು ಕರೆದಳು. ದೇವರ ದೃಷ್ಟಿ ಅವಳ ತಪ್ಪನ್ನಷ್ಟೇ ಎಣಿಸಲಿಲ್ಲ. ಎಲ್ಲಿಂದ ಬಂದೆ, ಎಲ್ಲಿಗೆ ಹೋಗುತ್ತೀ ಎಂದು ವಿಚಾರಿಸಿತು. ಭೂಮಿಯ ಮೊರೆಯನ್ನೂ ಬಡವರ ಮೊರೆಯನ್ನೂ ಒಟ್ಟಿಗೆ ಆಲಿಸಬೇಕೆಂದು ಜಗದ್ಗುರು ಫ್ರಾನ್ಸಿಸ್‌ರವರು 2015ರ 'ಲೌದಾತೋ ಸಿ' ವಿಶ್ವಪತ್ರದಲ್ಲಿ ಬೋಧಿಸಿದ್ದೂ ಇದನ್ನೇ.

ಸುಡುವುದು ಸರಿಯೆಂದು ನಾನು ಹೇಳುತ್ತಿಲ್ಲ. ಆ ಹೊಗೆ ಹಸುಗೂಸುಗಳ ಶ್ವಾಸಕೋಶಕ್ಕೆ ವಿಷ. ಆದರೆ ಪರಿಹಾರ ಕೇವಲ ದಂಡದಲ್ಲಿಲ್ಲ. ಕೂಳೆ ನಿರ್ವಹಿಸುವ ಯಂತ್ರ ಸಣ್ಣ ರೈತನಿಗೂ ಸಕಾಲದಲ್ಲಿ ದೊರಕುವುದರಲ್ಲಿದೆ, ಭತ್ತವಲ್ಲದ ಬೆಳೆಗೂ ಖಾತರಿಯ ಬೆಲೆ ಸಿಗುವುದರಲ್ಲಿದೆ. ಇದನ್ನು ಕೇಳುವ ಧ್ವನಿ ನಮ್ಮದಾಗಲಿ.

ಪಂಜಾಬನ್ನು ದೂಷಿಸುವ ಮುನ್ನ ನಮ್ಮ ಕಬ್ಬಿನ ಗದ್ದೆಯ ರವದಿಗೆ, ದೇವಾಲಯದ ಅಂಗಳದ ತರಗೆಲೆಗೆ ಬೆಂಕಿಯಿಡುವವರು ಯಾರೆಂದು ಕೇಳಿಕೊಳ್ಳೋಣ. ಆ ಚಿಕ್ಕ ಬೆಂಕಿ ಉಪಗ್ರಹಕ್ಕೆ ಕಾಣದೇ ಹೋಗಬಹುದು. ದೇವರಿಗೆ ಕಾಣುತ್ತದೆ.