ಕುಡಿದ ದಿನ ಮಾತ್ರೆ ಬಿಡಬಹುದಾ?

‘ದಿನ ಬಿಟ್ಟು ದಿನ ಸ್ವಲ್ಪ ತಗೋತಾರೆ, ಅಷ್ಟಕ್ಕೇನಾಗುತ್ತೆ?’ ಅಂತ ನೀವು ಸಮಾಧಾನ ಮಾಡಿಕೊಂಡಿರಬಹುದು. ಬೇರೆ ಮನೆಗಳ ಮಾತು ಹೇಗೋ ಇರಲಿ. ನಿಮ್ಮ ಯಜಮಾನರೋ, ಅಣ್ಣನೋ ಅಥವಾ ಸ್ವತಃ ನೀವೋ ಎಚ್‌ಐವಿಗೆ ಮಾತ್ರೆ ನುಂಗುತ್ತಿದ್ದು, ವಯಸ್ಸು ಐವತ್ತರ ಆಸುಪಾಸಿನಲ್ಲಿದ್ದರೆ ಈ ‘ಅಷ್ಟಕ್ಕೇನು’ ಎಂಬುದನ್ನು ಲೆಕ್ಕ ಹಾಕಿಯೇ ನೋಡಬೇಕು.

ಎಚ್‌ಐವಿ ಇದ್ದವರಿಗೆ ವಯಸ್ಸಾಗುವುದೇ ಒಂದು ಕಾಲದಲ್ಲಿ ಕನಸಾಗಿತ್ತು. 2004ರ ಏಪ್ರಿಲ್‌ನಲ್ಲಿ ಸರ್ಕಾರ ಎಆರ್‌ಟಿ ಮಾತ್ರೆಗಳನ್ನು ಉಚಿತವಾಗಿ ಕೊಡಲು ಶುರು ಮಾಡಿತು. ಮೊದಲ ಕೆಲವೇ ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಆಗ ಮೂವತ್ತರಲ್ಲಿದ್ದವರು ಈಗ ಮಕ್ಕಳ ಮದುವೆ ಓಡಾಟದಲ್ಲಿದ್ದಾರೆ. ಸಂತೋಷದ ವಿಷಯವೇ. ಆದರೆ ವಯಸ್ಸಿನ ಜೊತೆ ಹೃದಯದ ತೊಂದರೆ, ಮೂಳೆ ಸವೆತ, ಮರೆವು ಕೂಡ ಬರುತ್ತವಲ್ಲ? ಸೋಂಕಿದ್ದವರಲ್ಲಿ ಇವು ಹೆಚ್ಚು. ಅದರ ಮೇಲೆ ಮದ್ಯ.

ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಡಾ. ಆಮಿ ಜಸ್ಟಿಸ್ ಮತ್ತು ಸಂಗಡಿಗರು ಅಲ್ಲಿನ ಮಾಜಿ ಸೈನಿಕರನ್ನು ಗಮನಿಸಿ 2016ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಸೋಂಕಿಲ್ಲದ ಗಂಡಸರಲ್ಲಿ ತಿಂಗಳಿಗೆ 70 ‘ಡ್ರಿಂಕ್’ ಮುಟ್ಟಿದಾಗ ಸಾವಿನ ಅಪಾಯ ಏರಿದರೆ, ಸೋಂಕಿದ್ದವರಲ್ಲಿ 30ಕ್ಕೇ ಏರಿತ್ತು. ಅವರ ಒಂದು ಡ್ರಿಂಕ್ ಅಂದರೆ 14 ಗ್ರಾಂ ಆಲ್ಕೋಹಾಲ್. ನಮ್ಮ ಕಡೆಯ 90 ಎಂ.ಎಲ್. ವಿಸ್ಕಿ ಅಥವಾ ರಮ್ ಪ್ಯಾಕೆಟ್‌ನಲ್ಲಿ ಸುಮಾರು 30 ಗ್ರಾಂ ಇರುತ್ತದೆ. ಅಂದರೆ ಒಂದು ‘ನೈಂಟಿ’ ಅವರ ಎರಡು ಡ್ರಿಂಕ್‌ಗಿಂತ ಹೆಚ್ಚೇ ಆಯಿತು. ತಿಂಗಳಿಗೆ ಹದಿನಾಲ್ಕು ನೈಂಟಿಗೆ ಗೆರೆ ದಾಟಿಬಿಡುತ್ತದೆ. ದಿನ ಬಿಟ್ಟು ದಿನ ‘ಒಂದೇ ಒಂದು’ ಅನ್ನುವವರು ಆಗಲೇ ಆ ಕಡೆ ಇದ್ದಾರೆ! ಹಾಗಂತ ಹದಿಮೂರಕ್ಕೆ ಪರವಾನಗಿ ಸಿಕ್ಕಿತು ಅಂದುಕೊಳ್ಳಬೇಡಿ. ಹೆಂಗಸರ ದೇಹದಲ್ಲಿ ನೀರಿನಂಶ ಕಡಿಮೆ, ಅಷ್ಟೇ ಲೋಟ ಅವರಿಗೆ ಇನ್ನೂ ಜಾಸ್ತಿಯಾಗುತ್ತದೆ.

ಇದಕ್ಕಿಂತ ನನ್ನನ್ನು ಹೆಚ್ಚು ಕಾಡುವುದು ಇನ್ನೊಂದು. ‘ಇವತ್ತು ಕುಡಿದಿದೀನಿ, ಮಾತ್ರೆ ಸೇರಿದ್ರೆ ವಿಷ ಆಗುತ್ತೆ’ ಅಂತ ಆವತ್ತಿನ ಮಾತ್ರೆಯನ್ನೇ ಬಿಡುವುದು. ಕನೆಕ್ಟಿಕಟ್ ವಿಶ್ವವಿದ್ಯಾಲಯದ ಸೇತ್ ಕ್ಯಾಲಿಚ್‌ಮನ್ ಅವರ ಅಧ್ಯಯನಗಳಲ್ಲಿ ಇದೇ ನಂಬಿಕೆಯಿಂದ ಬೇಕೆಂದೇ ಮಾತ್ರೆ ತಪ್ಪಿಸುವವರು ಕಂಡುಬಂದರು. ಈಗ ಸಾಮಾನ್ಯವಾಗಿ ಕೊಡುವ ಡೊಲುಟೆಗ್ರಾವಿರ್ ಇರುವ ಮಾತ್ರೆ ಮದ್ಯದ ಜೊತೆ ಸೇರಿ ವಿಷವಾಗುವುದಿಲ್ಲ. ಪದೇ ಪದೇ ತಪ್ಪಿಸಿದರೆ ಮಾತ್ರ ವೈರಸ್ ತಲೆ ಎತ್ತುತ್ತದೆ, ಆಮೇಲೆ ಔಷಧಿಗೇ ಬಗ್ಗದಂತಾಗಬಹುದು. ಆದ್ದರಿಂದ ಕುಡಿದ ದಿನವೂ ಎಆರ್‌ಟಿ ಮಾತ್ರೆ ತಪ್ಪಬಾರದು. ‘ಕುಡಿಯೋದಾದ್ರೆ ಮಾತ್ರೆ ಯಾಕೆ?’ ಅಂತ ಸಿಟ್ಟಿನಲ್ಲಿ ನೀವೂ ಅನ್ನಬೇಡಿ. ಟಿಬಿ ತಡೆಯಲು ಐಸೋನಿಯಜಿಡ್ ಕೊಟ್ಟಿದ್ದರೆ, ಕಾಮಾಲೆ ಇದ್ದರೆ, ಶುಗರ್ ಮಾತ್ರೆ ನಡೆಯುತ್ತಿದ್ದರೆ ಅಪಾಯ ಬೇರೆಯದು. ಅಲ್ಲಿ ನಿಲ್ಲಬೇಕಾದ್ದು ಮದ್ಯ. ಡಾಕ್ಟರಿಗೆ ವಿಷಯ ಗೊತ್ತಿರಲೇಬೇಕು. ಬೈತಾರೆ ಅಂತ ಎಷ್ಟೋ ಜನ ಮುಚ್ಚಿಡುತ್ತಾರೆ, ಅಥವಾ ಅರ್ಧಕ್ಕರ್ಧ ಕಡಿಮೆ ಹೇಳುತ್ತಾರೆ.

ಹಾಗಾದರೆ ಇದನ್ನು ಮನೆಯಲ್ಲಿ ಹೇಳುವುದು ಹೇಗೆ? ನೆಂಟರ ಮುಂದೆ ಬೇಡ, ಕುಡಿದು ಬಂದ ರಾತ್ರಿಯಂತೂ ಬೇಡವೇ ಬೇಡ. ಬೆಳಗಿನ ಕಾಫಿಯ ಹೊತ್ತಿಗೆ, ಇಬ್ಬರೇ ಇದ್ದಾಗ, ಮೇಲಿನ ನೈಂಟಿ ಲೆಕ್ಕವನ್ನೇ ಅವರ ಮುಂದಿಡಿ. ಬುದ್ಧಿವಾದಕ್ಕಿಂತ ಲೆಕ್ಕಕ್ಕೆ ಗಂಡಸರು ಬೇಗ ಕಿವಿಗೊಡುತ್ತಾರೆ. ಇದು ನನ್ನ ಅಭಿಪ್ರಾಯ, ಒಪ್ಪದಿದ್ದರೆ ಬಿಡಿ. ‘ಅವರಿಗೆ ತಿಳಿಯದಂತೆ ಕುಡಿತ ಬಿಡಿಸಿ’ ಎನ್ನುವ ಪುಡಿಗಳನ್ನು ಸಾರಿಗೆ ಬೆರೆಸುವ ಸಾಹಸ ಮಾತ್ರ ಮಾಡಬೇಡಿ. ಅಂಥ ಔಷಧಿ ಒಳಗಿದ್ದಾಗ ಅವರು ಕುಡಿದರೆ ಪ್ರಾಣಕ್ಕೇ ಕುತ್ತು ಬರಬಹುದು.

ದಿನಾ ಜಾಸ್ತಿ ಕುಡಿಯುವವರು ‘ನಾಳೆಯಿಂದ ಬಂದ್’ ಎಂದರೆ ಖುಷಿಯಾಗುತ್ತದೆ, ನಿಜ. ಆದರೆ ಏಕಾಏಕಿ ನಿಲ್ಲಿಸಿದಾಗ ನಡುಕ, ಫಿಟ್ಸ್, ಭ್ರಮೆ ಬರುವುದುಂಟು. ನಿಲ್ಲಿಸುವ ಮೊದಲೇ ಡಾಕ್ಟರನ್ನು ಕಾಣಲಿ. ಎಆರ್‌ಟಿ ಕೇಂದ್ರದ ಆಪ್ತಸಮಾಲೋಚಕರನ್ನು ಕೇಳಿದರೆ ಎಲ್ಲಿಗೆ ಹೋಗಬೇಕೆಂದು ಹೇಳುತ್ತಾರೆ. ಹೆಸರು ಹೇಳದೆ ವಿಚಾರಿಸಬೇಕೆಂದರೆ ಸರ್ಕಾರದ ಉಚಿತ ಏಡ್ಸ್ ಸಹಾಯವಾಣಿ 1097 ಇದೆ. ಫೋನ್ ಮಾಡುವ ಮುಂಚೆ ಮನೆಯಲ್ಲಿರುವ ಎಲ್ಲ ಮಾತ್ರೆಗಳ ಹೆಸರನ್ನೂ ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ.