ತಟ್ಟೆಯ ಬೆನ್ನಿನ ಕತ್ತಿಗಳು

ಬೈಲಕುಪ್ಪೆಯ ಟಿಬೆಟನ್ ಮನೆಗಳಲ್ಲಿ ಚಿತ್ರ ಬರೆದ ಪಿಂಗಾಣಿ ಬಟ್ಟಲಿನಲ್ಲಿ ಬೆಣ್ಣೆ ಚಹಾ ಕೊಡುವುದುಂಟು. ಕುಡಿದು ಮುಗಿಸಿ ಬಟ್ಟಲನ್ನು ಬೋರಲು ಹಾಕಿ ನೋಡುವ ಚಾಳಿ ನಮಗಿದೆ, ಆತಿಥೇಯರು ಕ್ಷಮಿಸಲಿ. ತಳದಲ್ಲಿ ಯಾವುದೋ ಮುದ್ರೆ ಇರುತ್ತದೆ, ಮಾಡಿದವನ ಹೆಸರಿರುವುದಿಲ್ಲ. 1961ರ ಸುಮಾರಿಗೆ ಇಲ್ಲಿ ನೆಲೆನಿಂತ ನಿರಾಶ್ರಿತರ ರತ್ನಗಂಬಳಿಯ ಮಗ್ಗವನ್ನು ಕಂಡವರಿಗೆ, ಒಂದೊಂದು ಗಂಟಿನ ಹಿಂದೆಯೂ ಒಂದು ಕೈ ಇದೆಯೆಂದು ಹೇಳಿಕೊಡಬೇಕಾಗಿಲ್ಲ. ಪಿಂಗಾಣಿಯ ಕುಲುಮೆ ಮಾತ್ರ ನಮ್ಮ ಕಣ್ಣಿಗೆ ದೂರ.

ಪಿಂಗಾಣಿಯ ಗುಟ್ಟು ಬಹುಕಾಲ ಚೀನಾದ್ದಾಗಿತ್ತು. ಯುರೋಪಿಗೆ ಅದು ದಕ್ಕಿದ್ದು ಒಬ್ಬ ಬಂದಿಯ ದುಡಿಮೆಯಿಂದ. ಸ್ಯಾಕ್ಸನಿಯ ಅರಸ ಅಗಸ್ಟಸ್, ಚಿನ್ನ ಮಾಡಬಲ್ಲೆನೆಂದ ಬಟ್ಗರ್ ಎಂಬ ತರುಣನನ್ನು ಕಾವಲಿನಲ್ಲಿಟ್ಟು ದುಡಿಸಿದ. ಚಿನ್ನ ಬರಲಿಲ್ಲ, ಪಿಂಗಾಣಿ ಬಂತು. 1710ರಲ್ಲಿ ಮೈಸೆನ್ ಕಾರ್ಖಾನೆ ಹುಟ್ಟಿತು. ಅದರ ತಟ್ಟೆಗಳ ಬೆನ್ನಿಗೆ ಬಿದ್ದ ಗುರುತು ಅಡ್ಡಹಾಕಿದ ಎರಡು ಕತ್ತಿ, ಅರಸೊತ್ತಿಗೆಯ ಲಾಂಛನ. 1737ರಿಂದ 1741ರವರೆಗೆ ಮಂತ್ರಿ ಬ್ರೂಲ್ ಒಬ್ಬನ ಊಟದ ಮೇಜಿಗಾಗಿ ಅಲ್ಲಿ 2000ಕ್ಕೂ ಹೆಚ್ಚು ಹಂಸಚಿತ್ರದ ಪಾತ್ರೆಗಳಾದವು. ಆ ಮಂತ್ರಿಯೇ ಕಾರ್ಖಾನೆಯ ಮೇಲಧಿಕಾರಿ!

ಇಂಗ್ಲೆಂಡಿನ ಸ್ಟಾಫರ್ಡ್‌ಷೈರಿನಲ್ಲಿ ಅರಸನ ಜಾಗಕ್ಕೆ ಬಂಡವಾಳಗಾರ ಬಂದ. 1841ರಲ್ಲಿ ಸ್ಕ್ರಿವೆನ್ ಎಂಬ ಸರ್ಕಾರಿ ತನಿಖೆಗಾರ ಅಲ್ಲಿ ಕಂಡದ್ದು, ಹಸಿ ತಟ್ಟೆಯನ್ನು ಅಚ್ಚಿನ ಸಮೇತ ಹೊತ್ತು ಕಾದ ಕೋಣೆಗೆ ದಿನವಿಡೀ ಓಡುವ ಪುಟ್ಟ ಹುಡುಗರನ್ನು. ದೊಡ್ಡವರ ಪಾಡು ಬೇರೆ. ಮೂಳೆಬೂದಿ ಬೆರೆಸಿದ ಬೋನ್ ಚೈನಾ ತಟ್ಟೆ ಬೇಯುವಾಗ ಸೊಟ್ಟಗಾಗದಿರಲೆಂದು ಅದನ್ನು ಚಕಮಕಿ ಕಲ್ಲಿನ ನುಣ್ಣನೆಯ ಪುಡಿಯಲ್ಲಿ ಹೂತಿಡುತ್ತಿದ್ದರು. ಬೆಂದ ಮೇಲೆ ಆ ಪುಡಿಯನ್ನು ಉಜ್ಜಿ ತೆಗೆಯುವವರು ಹೆಚ್ಚಾಗಿ ಹೆಂಗಸರು. ತಟ್ಟೆ ಬೆಳ್ಳಗಾಯಿತು, ಪುಡಿ ಅವರ ಶ್ವಾಸಕೋಶದಲ್ಲಿ ನಿಂತಿತು. ಸಿಲಿಕೋಸಿಸ್ ಎಂದು ಅದರ ಹೆಸರು. ಅಷ್ಟು ಕೇಡಿಲ್ಲದ ಅಲ್ಯೂಮಿನಾ ಪುಡಿಯಿಂದಲೂ ಕೆಲಸ ಸಾಗುವುದೆಂದು ಮೊದಲೇ ತಿಳಿದಿದ್ದರೂ, ಚಕಮಕಿ ಪುಡಿಯನ್ನು ಕಾನೂನು ನಿಷೇಧಿಸಿದ್ದು 1947ರಲ್ಲಿ.

ಪರದೇಶದ ಹಳೆಯ ಕಥೆಯೆಂದು ವಾಚಕರು ಪುಟ ಮಗುಚಬಾರದು. ಕಲ್ಲು ಕ್ವಾರಿಗಳಲ್ಲಿ, ಕ್ರಷರ್‌ಗಳಲ್ಲಿ ನಮ್ಮ ಕೂಲಿಕಾರರು ನುಂಗುವುದೂ ಅದೇ ಸಿಲಿಕಾ ಧೂಳನ್ನೇ. 1948ರ ಕಾರ್ಖಾನೆ ಕಾಯಿದೆಯಲ್ಲಿಯೇ ಸಿಲಿಕೋಸಿಸ್, ವೈದ್ಯರು ಸರ್ಕಾರಕ್ಕೆ ತಿಳಿಸಲೇಬೇಕಾದ ರೋಗಗಳ ಪಟ್ಟಿಯಲ್ಲಿತ್ತು. ಆದರೆ ಚೀಟಿಯಲ್ಲಿ ಕ್ಷಯವೆಂದು ಬರೆದುಬಿಟ್ಟರೆ ಮಾಲೀಕನಿಗೆ ಹೊಣೆಯಿಲ್ಲ, ರೋಗಿಗೆ ಪರಿಹಾರವೂ ಇಲ್ಲ. ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಎಚ್.ಡಿ. ಕೋಟೆಗಳ ಸರ್ಕಾರಿ ಆಸ್ಪತ್ರೆಗಳಲ್ಲಿ, ಕೆಮ್ಮುತ್ತ ಬಂದ ಕೂಲಿಕಾರನನ್ನು ಏನು ಕೆಲಸ ಮಾಡುತ್ತೀಯೆಂದು ಮೊದಲು ಕೇಳಬೇಕು. ಅವನ ಉತ್ತರವನ್ನು ಚೀಟಿಯ ಮೇಲೆ ಬರೆಯಬೇಕು. ನಾವು ಒತ್ತಾಯಿಸುವುದು ಇಷ್ಟನ್ನೇ. ಇದಕ್ಕೆ ಹೊಸ ಯಂತ್ರ ಬೇಡ, ಹೊಸ ಕಾಯಿದೆಯೂ ಬೇಡ.